ಮಾವ, ಯಾವ ಆಮೆ ತಗೊಳ್ಳಲಿ?

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಬೆಂಗಳೂರಿನಿಂದ ಫೋನ್ ಮಾಡಿ, "ಮಾವ, ಮೊದಲ ಸಲ ಸಾಕುವವರಿಗೆ ಯಾವ ಆಮೆ ಒಳ್ಳೇದು?" ಎಂದು ಕೇಳಿದಳು. ಹುಟ್ಟುಹಬ್ಬಕ್ಕೆ ಭಾವ ಎರಡಡಿ ಉದ್ದದ ಗಾಜಿನ ತೊಟ್ಟಿ ಕೊಡಿಸಿದ್ದರು. ಮೀನು ಎಲ್ಲರ ಮನೆಯಲ್ಲೂ ಇರುತ್ತೆ, ಆಮೆಯೇ ಬೇಕು ಅನ್ನುವುದು ಅವಳ ಹಟ. ನಾನು ಓದುವಾಗ ಆಮೆ ಸಾಕಿದ್ದೆನೆಂದು ಅಕ್ಕ ಹೇಳಿದ್ದಳಂತೆ. ಹೇಗೆ ಸಾಕಿದ್ದೆ ಅನ್ನುವುದು ಅಕ್ಕನಿಗೂ ಪೂರ್ತಿ ಗೊತ್ತಿಲ್ಲ.

2006ರಲ್ಲಿ, ಮೈಸೂರಿನಲ್ಲಿ ಬಿ.ಎ.ಗೆ ಸೇರಿದ ವರ್ಷ, ಒಂದು ಅಂಗಡಿಯಲ್ಲಿ ಎರಡು ಮರಿಗಳನ್ನು ಕೊಂಡೆ. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟೆ, ಅಂಗೈಯಲ್ಲಿ ಇಟ್ಟರೆ ಇನ್ನೂ ನಾಲ್ಕಕ್ಕೆ ಜಾಗವಿರುವಷ್ಟು ಚಿಕ್ಕವು. ಜೊತೆಗೆ ಪ್ಲಾಸ್ಟಿಕ್ ತೆಂಗಿನಮರವಿದ್ದ ಒಂದು ಬೋಗುಣಿ. "ಇಷ್ಟೇ ಇರುತ್ತೆ ಸಾರ್, ಬೆಳೆಯಲ್ಲ" ಎಂದ ಅಂಗಡಿಯವನು. ನಾನು ನಂಬಿದೆ. ನಂಬುವುದು ಸುಲಭವಾಗಿತ್ತು ಅನ್ನಿ.

ಒಂದು ಎಂಟು ತಿಂಗಳಿಗೆ ಸತ್ತಿತು. ಚಿಪ್ಪು ಒತ್ತಿದರೆ ಹಳೆಯ ಹಪ್ಪಳದಂತೆ ಮೆತ್ತಗಾಗಿತ್ತು. ಆಮೆಗೆ ಬಿಸಿಲು ಬೇಕು. ಬಿಸಿಲಿನ ಅತಿನೇರಳೆ ಕಿರಣದಿಂದಲೇ ಅದರ ಮೈ ಡಿ ಜೀವಸತ್ವ ಮಾಡಿಕೊಂಡು ಸುಣ್ಣದಂಶವನ್ನು ಚಿಪ್ಪಿಗೂ ಮೂಳೆಗೂ ಸೇರಿಸುವುದು. ನಾನು ಬೋಗುಣಿಯನ್ನು ಕಿಟಕಿಯ ಗಾಜಿನ ಹಿಂದೆ ಇಟ್ಟು, ಬಿಸಿಲು ಬೀಳುತ್ತಿದೆಯಲ್ಲ ಎಂದುಕೊಂಡಿದ್ದೆ. ಆ ಕಿರಣ ಗಾಜನ್ನು ದಾಟುವುದೇ ಇಲ್ಲವೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಇನ್ನೊಂದು ಉಳಿಯಿತು, ಬೆಳೆಯಿತು. ಬೋಗುಣಿಯಿಂದ ಟಬ್ಬಿಗೆ, ಟಬ್ಬಿನಿಂದ ಬಚ್ಚಲಿಗೆ ಬಂತು. ಎಂ.ಎ. ಮುಗಿಯುವ ಹೊತ್ತಿಗೆ ತಿಂಡಿ ತಟ್ಟೆಯಷ್ಟಾಗಿತ್ತು. ನೀರು ಎರಡು ದಿನ ಬದಲಾಯಿಸದಿದ್ದರೆ ಇಡೀ ರೂಮು ನಾರುತ್ತಿತ್ತು. ರೂಮು ಖಾಲಿ ಮಾಡುವ ಹಿಂದಿನ ಸಂಜೆ ಅದನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಕುಕ್ಕರಹಳ್ಳಿ ಕೆರೆಗೆ ಹೋದೆ. ನೀರಿಗೆ ಬಿಟ್ಟೊಡನೆ ಹಿಂತಿರುಗಿ ನೋಡದೆ ಮುಳುಗಿತು. ಪುಣ್ಯದ ಕೆಲಸ ಮಾಡಿದವನಂತೆ ಅಲ್ಲೇ ಚುರುಮುರಿ ತಿಂದು ಬಂದೆ.

ಆ ಕೆಂಪು ಪಟ್ಟೆಯ ಆಮೆ ಅಮೆರಿಕದ ಮಿಸಿಸಿಪಿ ಕಣಿವೆಯದು. ಜಗತ್ತಿನಲ್ಲಿ ಅತಿ ಹೆಚ್ಚು ಹಾನಿ ಮಾಡುವ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಯುರೋಪಿನ ಒಕ್ಕೂಟ 1997ರಲ್ಲೇ ಆಮದು ನಿಲ್ಲಿಸಿತು. ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆಯನ್ನು ಸಾಕಲು ಮಾರುವಂತಿಲ್ಲ. ಮಕ್ಕಳು ಮರಿಗಳನ್ನು ಬಾಯಿಗಿಟ್ಟುಕೊಂಡು ಸಾಲ್ಮೊನೆಲ್ಲಾ ಸೋಂಕು ತಗುಲಿಸಿಕೊಳ್ಳುತ್ತಿದ್ದರು ಎಂದು.

"ಹಾಗಾದ್ರೆ ನಮ್ಮೂರಿಂದೇ ತಗೊಳ್ತೀನಿ" ಅಂದಳು ಪುಟ್ಟಿ. ಅದೂ ಆಗದು. ನಮ್ಮ ಕೆರೆಗಳ ಆಮೆ ಇದೆಯಲ್ಲ, ಹಿಂಗಾಲನ್ನು ಒಳಗೆಳೆದುಕೊಂಡು ಹೊಟ್ಟೆಯಡಿಯ ಮುಚ್ಚಳ ಹಾಕಿಕೊಳ್ಳುವುದು, ಅದೂ ನಕ್ಷತ್ರ ಆಮೆಯೂ ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿ ಇರುವ ಅನುಸೂಚಿಯೇ ಅದು. ಮನೆಯಲ್ಲಿಟ್ಟುಕೊಂಡರೆ ಜೈಲು. ಅದೃಷ್ಟ ಬರುತ್ತದೆಂದು ನಕ್ಷತ್ರ ಆಮೆಯನ್ನು ಕದ್ದು ಸಾಕುವವರಿದ್ದಾರೆ. ಒಣಭೂಮಿಯಲ್ಲಿ ಹುಲ್ಲು ಮೇಯುವ ಪ್ರಾಣಿಯನ್ನು ತೊಟ್ಟಿಯ ನೀರಿಗೆ ಹಾಕಿ ಮುಳುಗಿಸಿದವರೂ ಇದ್ದಾರೆ. ದೇವರ ಅವತಾರವೆಂದು ಕೈಮುಗಿಯುವುದೂ ಇವರೇ.

ಅಮೆರಿಕದವರು ಹೊಸಬರಿಗೆ ಮಸ್ಕ್ ಟರ್ಟಲ್ ಎಂಬ ಪುಟ್ಟ ಆಮೆಯನ್ನು ಹೇಳುತ್ತಾರೆ. ನಾಲ್ಕೈದು ಇಂಚಿಗಿಂತ ಹೆಚ್ಚು ಬೆಳೆಯದು. ಅದು ಅವರ ಊರಿನ ಸಲಹೆ. ಇಲ್ಲಿ ಅದನ್ನು ಮಾರುವವರು ಎಲ್ಲಿಂದ ತಂದರೆಂದು ನಾನು ಪುಟ್ಟಿಗೆ ಧೈರ್ಯವಾಗಿ ಹೇಳಲಾರೆ.

ಫೋನಿನಲ್ಲೇ ಲೆಕ್ಕ ಮಾಡಿದೆವು. ಚಿಪ್ಪಿನ ಒಂದಿಂಚು ಉದ್ದಕ್ಕೆ ಹತ್ತು ಗ್ಯಾಲನ್, ಅಂದರೆ 38 ಲೀಟರ್ ನೀರು ಅನ್ನುವುದು ಸಾಕುವವರ ವಾಡಿಕೆ. ಎಂಟಿಂಚಿನ ಆಮೆಗೆ 300 ಲೀಟರ್ ದಾಟುತ್ತದೆ. ಅವಳ ತೊಟ್ಟಿ, ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ, ಕಂಠಮಟ್ಟ ತುಂಬಿದರೂ 56 ಲೀಟರ್.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ನಿನ್ನ ಆಮೆ ಈಗ ಎಲ್ಲಿದೆ ಮಾವ?"

ಹೇಳಿದೆ. ಚುರುಮುರಿಯದನ್ನೂ.

"ಇನ್ನೂ ಬದುಕಿರುತ್ತಾ?"

"ಇರಬಹುದು. ಮೂವತ್ತು ವರ್ಷ ಬದುಕೋದೂ ಉಂಟು."

ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಾರದ ನಂತರ ಅವಳೇ ಮತ್ತೆ ಫೋನ್ ಮಾಡಿದಳು. ಅವರ ಅಪಾರ್ಟ್‌ಮೆಂಟಿನಲ್ಲಿ ಪುಣೆಗೆ ಹೊರಟಿದ್ದ ಮನೆಯೊಂದರಲ್ಲಿ ಎಂಟು ವರ್ಷದ ಕೆಂಪು ಪಟ್ಟೆಯ ಆಮೆ, ಬಕೆಟ್ಟಿನಲ್ಲಿ. ಕೆರೆಗೆ ಬಿಡುವ ಮಾತಾಡುತ್ತಿದ್ದರಂತೆ. ಇವಳು ಹೋಗಿ ಸ್ಕೇಲು ಹಿಡಿದು ಅಳೆದು ಬಂದಿದ್ದಳು: ಇಪ್ಪತ್ತು ಸೆಂಟಿಮೀಟರ್. ಅಕ್ಕ ಎರಡು ದಿನ ಒಪ್ಪಲಿಲ್ಲ, ನಾನೂ ಮಧ್ಯೆ ಬಂದೆ. ಕೊನೆಗೆ ಭಾವ 750 ಲೀಟರಿನ ಹಳೆಯ ಕಪ್ಪು ಟ್ಯಾಂಕನ್ನು ಅರ್ಧಕ್ಕೆ ಕತ್ತರಿಸಿ ಟೆರೇಸಿಗೆ ಹಾಕಿಸಿದರು. ಒಂದು ಬದಿ ನೆರಳಿಗೆ ಹಸಿರು ಬಲೆ, ಇನ್ನೊಂದು ಬದಿ ಹತ್ತಲು ಇಟ್ಟಿಗೆ. ಗಾಜಿನ ತೊಟ್ಟಿಗೆ ಗಪ್ಪಿ ಮೀನು ಬಂತು.

ಮೊದಲೆರಡು ದಿನ ಅದು ಇಟ್ಟಿಗೆಯ ಹತ್ತಿರವೂ ಸುಳಿಯಲಿಲ್ಲ. ಮೂರನೆಯ ಬೆಳಿಗ್ಗೆ ಪುಟ್ಟಿ ಫೋಟೋ ಕಳಿಸಿದಳು: ಇಟ್ಟಿಗೆಯ ಮೇಲೆ ನಾಲ್ಕೂ ಕಾಲು ಹೊರಚಾಚಿ, ಕತ್ತೆತ್ತಿ, ಕಣ್ಣು ಮುಚ್ಚಿಕೊಂಡು ಕೂತಿತ್ತು. ಕೆಳಗೆ ಬರೆದಿದ್ದಳು, "ಕೈ ಸೋಪು ಹಾಕಿ ತೊಳ್ಕೊಂಡಿದೀನಿ."