ಚುಟುಕು ತಾರೀಕು, ಉದ್ದ ಬರಹ

ಮಳೆಗಾಲ ಶುರುವಾದಾಗಿಂದ ಈ ಉದ್ದ ಬರಹದ ಜೊತೆಗೆ ಎಕ್ಸ್‌ನಲ್ಲೂ (ಅದೇ ಹಳೇ ಟ್ವಿಟರ್) ಬರೀತಾ ಇದ್ದೇನೆ. ಅಲ್ಲಿ ನಮ್ಮಂಥವರಿಗೆ 280 ಅಕ್ಷರವಷ್ಟೇ. ತೋಟದಲ್ಲೇ ನಿಂತು ಬರೀಬಹುದು: "ಜೂನ್ 2. ಬೋರ್ಡೋ ಮೊದಲ ಸುತ್ತು ಮುಗೀತು."

ಈ ಸಲ ಕೊಳೆರೋಗಕ್ಕೆ ಕಾಲುಭಾಗ ಅಡಿಕೆ ಉದುರಿತು. "45 ದಿನಕ್ಕೇ ಎರಡನೇ ಸುತ್ತು ಹೊಡೆದಿದ್ದೆ, ಮೈಲುತುತ್ತವೇ ಸರಿ ಇರಲಿಲ್ಲ" ಅಂತ ಇಲ್ಲಿ ಬರೆಯೋಕೆ ಕೂತಿದ್ದೆ. ಚುಟುಕು ತೆಗೆದು ನೋಡಿದ್ರೆ ಎರಡನೇ ಸುತ್ತು ಆಗಸ್ಟ್ 2. 61 ದಿನ! ತಪ್ಪು ನಂದೇ.

ಅದೇ ಚುಟುಕು ನೋಡಿ ಪಕ್ಕದ ತೋಟದವರು "ಸುಣ್ಣ ಎಷ್ಟು?" ಅಂದ್ರು. ಅದಕ್ಕೆ ಈ ಜಾಗವೇ ಬೇಕು: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು ಒಟ್ಟು 100 ಲೀಟರ್. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಾ ಮುರುಗಾ ಬೇಡ.

ನೀವೂ ಹೊಡೆದ ದಿನವೇ ತಾರೀಕು ಬರೆದಿಡಿ. ಕಥೆ ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು.