ಬಸ್ಸಾರು ಮೈಗೆ ಹತ್ತುವ ದಾರಿ

ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಶಾಸನ ನೋಡಲು ಬಂದ ನೆಂಟರಿಷ್ಟರನ್ನು ನಾನು ಊಟಕ್ಕೆ ಕೂರಿಸದೆ ಕಳಿಸುವುದಿಲ್ಲ. ಕ್ರಿ.ಶ. 900ರ ಸುಮಾರಿಗೇ ಬೆಂಗಳೂರಿನ ಕಾಳಗವನ್ನು ಕಲ್ಲಿನಲ್ಲಿ ಕೊರೆದಿಟ್ಟ ಊರಿಗೆ ಬಂದು ಬಿಸಿ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು ಉಣ್ಣದೆ ಹೋಗುವುದುಂಟೆ? ಹೊಸಬರಿಗೆ ಇರುವ ಅನುಮಾನ ಒಂದೇ: ಅಗಿಯದೆ ನುಂಗಿದ ಮುದ್ದೆ ಅರಗೀತೆ?

ಧಾರಾಳವಾಗಿ ಅರಗುತ್ತದೆ. ರಾಗಿಹಿಟ್ಟಿನ ಪಿಷ್ಟ ಪಾತ್ರೆಯಲ್ಲೇ ಬೆಂದು ಮೆತ್ತಗಾಗಿರುತ್ತದೆ; ಅದನ್ನು ಸಕ್ಕರೆಯಾಗಿ ಒಡೆಯುವ ದೊಡ್ಡ ಪಾಲು ಕೆಲಸ ಮೇದೋಜೀರಕ ಗ್ರಂಥಿಯ ರಸದ್ದು. ಅದು ನಡೆಯುವುದು ಸಣ್ಣ ಕರುಳಿನಲ್ಲಿ. ಅದರ ಒಳಗೋಡೆಯ ತುಂಬ ಹೆಚ್ಚೆಂದರೆ ಒಂದು ಮಿಲಿಮೀಟರ್ ಎತ್ತರದ ಎಳೆಗಳು, ಎಳೆಯ ಮೇಲೆ ಒಂದೇ ಜೀವಕೋಶದ ದಪ್ಪದ ಹೊದಿಕೆ. ಅದೂ ನಾಲ್ಕೈದು ದಿನಕ್ಕೆ ಉದುರಿ ಹೊಸದಾಗುತ್ತದೆ. ಇಷ್ಟು ತೆಳುವಾದದ್ದನ್ನು ದಾಟಿದರೆ ಮಾತ್ರ ಉಂಡದ್ದು ಮೈಗೆ ಹತ್ತುವುದು.

ಇಲ್ಲಿ ಗ್ಲೂಕೋಸಿಗೆ ಸೋಡಿಯಂ ಜೊತೆ ಬೇಕು. ಇಬ್ಬರೂ ಒಳಗೆ ಹೋದರೆ ಹಿಂದೆಯೇ ನೀರು. ಭೇದಿಯಲ್ಲೂ ಈ ಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್ ಬೆರೆತ ನೀರು ಕುಡಿಸಿಯೇ ಎಷ್ಟೋ ಜೀವ ಉಳಿಸಿದರು. ನನಗೆ ಆ ಓಆರ್‌ಎಸ್ ಪೊಟ್ಟಣದ ಮೇಲೆ ಬಹಳ ಗೌರವ.

ಸಕ್ಕರೆ, ಪ್ರೋಟೀನಿನ ತುಣುಕುಗಳು ನೆತ್ತರಿನಲ್ಲಿ ನೇರ ಯಕೃತ್ತಿಗೆ ಹೋಗುತ್ತವೆ. ಕೊಬ್ಬಿನ ಹೆಚ್ಚಿನ ಪಾಲು ಹಾಗಲ್ಲ. ಊರೊಳಗಿನ ಸಿಗ್ನಲ್ ತಪ್ಪಿಸಿ ನೈಸ್ ರಸ್ತೆ ಹಿಡಿಯುವ ಲಾರಿಯಂತೆ, ದುಗ್ಧನಾಳ ಹಿಡಿದು ಎದೆಯನ್ನು ಹಾದು, ಎಡಗತ್ತಿನ ಬುಡದಲ್ಲಿ ನೆತ್ತರಿಗೆ ಇಳಿಯುತ್ತದೆ. ಸೊಪ್ಪಿನ ಕ್ಯಾರೊಟಿನ್ ಕೂಡ ಈ ಕೊಬ್ಬಿನ ಜೊತೆಗೇ ಸಾಗಬೇಕು. ಹಾಗಾಗಿ ಪಲ್ಯದ ಒಗ್ಗರಣೆಗೆ ಎಣ್ಣೆಯ ಜಿಪುಣತನ ಮಾಡಬೇಡಿ.

ಕಬ್ಬಿಣದ್ದು ಬೇರೆಯೇ ಕಷ್ಟ. ಸೊಪ್ಪಿನಲ್ಲಿ ಅದು ಇದ್ದರೂ ಕರುಳು ಒಳಗೆ ಬಿಟ್ಟುಕೊಳ್ಳುವುದು ಸ್ವಲ್ಪವನ್ನೇ. ರಾಗಿಯಲ್ಲಿರುವ ಫೈಟೇಟ್ ಅದನ್ನು ಕಟ್ಟಿಹಾಕುತ್ತದೆ. ಮೊಳಕೆ ಕಟ್ಟಿದರೆ ಫೈಟೇಟ್ ಇಳಿಯುತ್ತದೆ. ನಿಂಬೆಹುಳಿ ಹಿಂಡಿದರೆ ಕಬ್ಬಿಣದ ದಾರಿ ಸಲೀಸು. ಟೀ ಕುಡಿದರೆ ಅದರ ಟ್ಯಾನಿನ್ ಮತ್ತೆ ಅಡ್ಡ ಬರುತ್ತದೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಬೆಳಿಗ್ಗೆ ಎದ್ದು ಇದೇ ಸೊಪ್ಪು ಬೇಯಿಸಿ ಡಬ್ಬಿಗೆ ತುಂಬಿಕೊಳ್ಳುತ್ತಾರೆ. ಊಟದ ವಿರಾಮ ಚಿಕ್ಕದು. ಉಂಡು ಕೈ ತೊಳೆದವರೇ ಟೀ ಕುಡಿದುಬಿಡುತ್ತಾರೆ. ಮೊದಲೇ ರಕ್ತ ಕಡಿಮೆ ಇರುವವರಿಗೆ ಇದು ದೊಡ್ಡ ನಷ್ಟ. ಟೀ ಬಿಡಿ ಅನ್ನಲು ನನಗೆ ಮನಸ್ಸಿಲ್ಲ, ದಿನವಿಡೀ ಮೆಷಿನ್ ಮುಂದೆ ಕೂತವರಿಗೆ ಅದು ಬೇಕು. ಊಟವಾಗಿ ಒಂದು ಗಂಟೆಯ ಮೇಲೆ, ಸಂಬಳ ಕತ್ತರಿಸದೆ, ಐದು ನಿಮಿಷ ಎದ್ದು ಕುಡಿದು ಬರಲು ಕಾರ್ಖಾನೆಯವರು ಅವರನ್ನು ಬಿಡಲಿ.