ಮಂಡಿಯೂರಿದ ಟಿಟ್ಲ್

ಪತ್ರಿಕೋದ್ಯಮ ಓದುವಾಗ ನಮ್ಮ ಮೇಷ್ಟ್ರೊಬ್ಬರು ಒಂದು ಕಪ್ಪುಬಿಳುಪು ಚಿತ್ರ ತೋರಿಸಿ, ಇದಕ್ಕೊಂದು ಅಡಿಬರಹ ಬರೆಯಿರಿ ಎಂದಿದ್ದರು. ಮೈದಾನದಲ್ಲಿ ಮಂಡಿಯೂರಿ ಕೂತ ಬೋಳುತಲೆಯ ಆಟಗಾರ. ಹೆಲ್ಮೆಟ್ ಇಲ್ಲ. ತಲೆಯಿಂದ ರಕ್ತ ಮುಖದ ಮೇಲೆ ಇಳಿದಿದೆ. ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿವೆ. ನಾನು ಏನು ಬರೆದೆನೋ ನೆನಪಿಲ್ಲ, ಆ ಮನುಷ್ಯ ಮಾತ್ರ ಮನಸ್ಸಿನಿಂದ ಏಳಲಿಲ್ಲ.

ಆತ ವೈ.ಎ. ಟಿಟ್ಲ್. ಎರಡು ಇನಿಶಿಯಲ್ ಇದ್ದದ್ದಕ್ಕೋ ಏನೋ, ನಮ್ಮೂರಿನ ನಿವೃತ್ತ ಹೆಡ್‌ಮಾಸ್ತರರ ಹೆಸರಿನಂತೆ ಕೇಳಿಸಿತ್ತು. ಬಿಡಿಸಿದರೆ ಯೆಲ್ಬರ್ಟನ್ ಅಬ್ರಹಾಂ. 1926ರಲ್ಲಿ ಟೆಕ್ಸಾಸಿನ ಮಾರ್ಷಲ್ ಎಂಬ ಊರಲ್ಲಿ ಹುಟ್ಟಿದವನು. ಅಮೆರಿಕನ್ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್. ಹೆಸರು ಫುಟ್‌ಬಾಲ್ ಆದರೂ ಆ ಆಟದಲ್ಲಿ ಒದೆಯುವುದು ಕಡಿಮೆ; ಚೆಂಡನ್ನು ಎಸೆಯಬೇಕು, ಇಲ್ಲವೇ ಅವುಚಿಕೊಂಡು ಓಡಬೇಕು. ಎಸೆಯುವವನೇ ಕ್ವಾರ್ಟರ್‌ಬ್ಯಾಕ್. ಅವನ ಕಣ್ಣು ದೂರದಲ್ಲಿ ಓಡುತ್ತಿರುವ ಜೊತೆಗಾರನ ಮೇಲಿರುತ್ತದೆ, ಮೈ ಮಾತ್ರ ನುಗ್ಗಿ ಬರುವ ಎದುರಾಳಿಗಳ ದಾರಿಯಲ್ಲಿರುತ್ತದೆ.

1948ರಲ್ಲಿ ಬಾಲ್ಟಿಮೋರ್ ತಂಡದಿಂದ ವೃತ್ತಿ ಶುರು. ಆಮೇಲೆ ಹತ್ತು ವರ್ಷ ಸ್ಯಾನ್ ಫ್ರಾನ್ಸಿಸ್ಕೊ. ಅಲ್ಲಿ 1957ರಲ್ಲಿ ಆರ್.ಸಿ. ಓವೆನ್ಸ್ ಎಂಬ ಎತ್ತರದ ಹುಡುಗನ ಜೊತೆ ಸೇರಿ ಒಂದು ವರಸೆ ಕಂಡುಕೊಂಡ. ಟಿಟ್ಲ್ ಚೆಂಡನ್ನು ಸುಮ್ಮನೆ ಆಕಾಶಕ್ಕೆ ಎಸೆಯುವುದು, ಬ್ಯಾಸ್ಕೆಟ್‌ಬಾಲ್ ಆಡಿ ಬೆಳೆದ ಓವೆನ್ಸ್ ಎಲ್ಲರ ತಲೆಯ ಮೇಲಿಂದ ನೆಗೆದು ಅದನ್ನು ಕಿತ್ತುಕೊಳ್ಳುವುದು. ಮಕ್ಕಳು ಮರದ ಕೆಳಗೆ ನಿಂತು ಮಾವಿನಕಾಯಿಗೆ ಹಾರಿದ ಹಾಗೆ. 'ಆಲಿ ಊಪ್' ಅಂತ ಅದಕ್ಕೊಂದು ಹೆಸರೂ ಬಿತ್ತು.

1961ರಲ್ಲಿ, ಇನ್ನು ಇವನ ಕಾಲ ಮುಗಿಯಿತು ಎನ್ನುವ ವಯಸ್ಸಿನಲ್ಲಿ, ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಹೋದ. ಮೂರು ವರ್ಷ ಸತತವಾಗಿ ತಂಡವನ್ನು ಫೈನಲ್‌ಗೆ ಕರೆದೊಯ್ದ. 1963ರಲ್ಲಿ 14 ಪಂದ್ಯಗಳ ಋತುವಿನಲ್ಲಿ 36 ಟಚ್‌ಡೌನ್ ಎಸೆತ. ಅದನ್ನು ಮೀರಿಸಲು 1984ರಲ್ಲಿ ಡಾನ್ ಮರಿನೊ ಬರಬೇಕಾಯಿತು. ಮೂರೂ ಫೈನಲ್ ಸೋತ.

1964ರ ಸೆಪ್ಟೆಂಬರ್ 20, ಪಿಟ್ಸ್‌ಬರ್ಗ್. ಟಿಟ್ಲ್ ಚೆಂಡು ಬಿಡುವ ಹೊತ್ತಿಗೆ ಜಾನ್ ಬೇಕರ್ ಎಂಬ ಭಾರಿ ಆಳು ಬಂದು ಅಪ್ಪಳಿಸಿದ. ಎಸೆದ ಚೆಂಡು ಎದುರಾಳಿಯ ಕೈಸೇರಿ ಅವರಿಗೇ ಟಚ್‌ಡೌನ್ ಆಯಿತು. ಎಲ್ಲರ ಕಣ್ಣು ಚೆಂಡಿನ ಹಿಂದೆ ಹೋಯಿತು. ಮಾರಿಸ್ ಬರ್ಮನ್ ಎಂಬ ಛಾಯಾಗ್ರಾಹಕ ಮಾತ್ರ ಬಿದ್ದವನತ್ತ ಕ್ಯಾಮೆರಾ ಹಿಡಿದ. ಇದರಲ್ಲಿ ಆಟವೇ ಇಲ್ಲವಲ್ಲ ಎಂದು ಅವನ ಪತ್ರಿಕೆಯವರು ಚಿತ್ರವನ್ನು ಅಚ್ಚು ಹಾಕಲಿಲ್ಲ. ಆ ಸಂಪಾದಕನನ್ನು ನೆನೆದು ನಗುವುದು ಸುಲಭ. ನನಗೆ ಅವನ ಬಗ್ಗೆ ಒಂದಿಷ್ಟು ಮರುಕವಿದೆ. ಆತನಿಗೆ ಬೇಕಿದ್ದದ್ದು ಪಂದ್ಯದ ವರದಿ. ಬರ್ಮನ್ ಚಿತ್ರವನ್ನು ಸ್ಪರ್ಧೆಗೆ ಕಳಿಸಿದ. ಪ್ರಶಸ್ತಿ ಬಂತು, ನಿಧಾನಕ್ಕೆ ಅದು ಆ ಆಟದ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದಾಯಿತು.

ನನಗೆ ತಕರಾರಿರುವುದು ಇಲ್ಲಿ. 17 ಋತು ಆಡಿದವನು ಕಡೆಗೂ ಕೆಲವು ಸೆಕೆಂಡುಗಳ ಮನುಷ್ಯನಾಗಿ ಉಳಿದುಬಿಟ್ಟ. ಬಿದ್ದವನನ್ನು ನೋಡಿ ನಮ್ಮ ಕಣ್ಣು ತುಂಬುತ್ತದೆ, ಅವನ 36 ಎಸೆತಗಳನ್ನು ನೋಡಲು ಮಾತ್ರ ನಮಗೆ ಪುರುಸೊತ್ತಿಲ್ಲ. ಮೇಷ್ಟ್ರೂ ನಮಗೆ ಓವೆನ್ಸ್ ಜೊತೆಗಿನ ಆಟದ ಚಿತ್ರ ತೋರಿಸಲಿಲ್ಲವಲ್ಲ. ಟಿಟ್ಲ್‌ಗೂ ಮೊದಮೊದಲು ಈ ಚಿತ್ರದಲ್ಲಿ ಅಂಥದ್ದೇನಿದೆ ಎಂದು ಹೊಳೆದಿರಲಿಲ್ಲವಂತೆ, ಆಮೇಲೆ ಒಗ್ಗಿಕೊಂಡ. ಆ ಋತು ಮುಗಿಸಿ ನಿವೃತ್ತನಾಗಿ, ಕ್ಯಾಲಿಫೋರ್ನಿಯಾದಲ್ಲಿ ವಿಮೆಯ ವ್ಯವಹಾರ ನೋಡಿಕೊಂಡ. ಕೊನೆಗಾಲದಲ್ಲಿ ಮರೆವು ಆವರಿಸಿತು. 2017ರ ಅಕ್ಟೋಬರಿನಲ್ಲಿ, 91 ತುಂಬಲು ಕೆಲವೇ ದಿನ ಇದ್ದಾಗ, ತೀರಿಕೊಂಡ.

ಅಡಿಬರಹ ಬರೆಯಲು ನನಗೆ ಬೇಕಿದ್ದ ಟಿಟ್ಲ್ ಬೇರೆಯೇ ಒಬ್ಬ. 1947, ಲೂಸಿಯಾನ ರಾಜ್ಯ ವಿಶ್ವವಿದ್ಯಾಲಯದ ಹುಡುಗ, ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಎದುರು ಪಂದ್ಯ. ಚಾರ್ಲಿ ಕಾನರ್ಲಿ ಎಸೆದ ಚೆಂಡನ್ನು ನಡುವೆಯೇ ಹಿಡಿದ. (ಇದೇ ಕಾನರ್ಲಿಯ ಜಾಗಕ್ಕೆ ಮುಂದೆ ನ್ಯೂಯಾರ್ಕಿನಲ್ಲಿ ಟಿಟ್ಲ್ ಬಂದದ್ದು.) ಹಿಡಿಯಲು ಬಂದವನ ಎಳೆತಕ್ಕೆ ಬೆಲ್ಟು ಕಿತ್ತುಹೋಯಿತು. ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈಯಲ್ಲಿ ಜಾರುವ ಚಡ್ಡಿ ಹಿಡಿದು ಓಡಿದ, ಓಡಿದ. ಗುರಿ ಹತ್ತಿರವಾದಾಗ ಎದುರು ಬಂದವನನ್ನು ತಳ್ಳಬೇಕಿತ್ತು, ಒಂದು ಕೈ ಬೇಕಿತ್ತು. ಚಡ್ಡಿ ಇಳಿಯಿತು, ಹುಡುಗ ಮುಗ್ಗರಿಸಿ ಬಿದ್ದ. ಆ ಪಂದ್ಯವನ್ನೂ ಅವರು ಸೋತರು, 20-18.